ವ್ಯಾಟ್ ಮೀಟರ್‌ನಿಂದ ಗೊಬ್ಬರದ ಡಬ್ಬಿಯವರೆಗೆ: ಉಳಿತಾಯದ ಸಾಮಾನುಗಳಲ್ಲಿ ಯಾವುದು ಬೇಕು, ಯಾವುದು ಬೇಡ

ಕರೆಂಟ್ ಉಳಿಸುತ್ತದೆ, ನೀರು ಉಳಿಸುತ್ತದೆ, ಕಸ ಕಡಿಮೆ ಮಾಡುತ್ತದೆ ಎಂದು ಮಾರುವ ಸಣ್ಣಪುಟ್ಟ ಸಾಮಾನುಗಳು ಈಗ ಬೇಕಾದಷ್ಟಿವೆ. ಇವುಗಳಲ್ಲಿ ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ಕೆಲವು ಸರಿಯಾದ ಜಾಗದಲ್ಲಿ ಹಾಕಿದರೆ ಮಾತ್ರ ಮಾಡುತ್ತವೆ. ಒಂದೆರಡು ಏನನ್ನೂ ಮಾಡುವುದಿಲ್ಲ. ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ವ್ಯಾಟ್ ಮೀಟರ್. ಅದು ತಾನಾಗಿ ಒಂದು ಯೂನಿಟ್ಟನ್ನೂ ಉಳಿಸುವುದಿಲ್ಲ, ಆದರೆ ಯಾವ ಉಪಕರಣಕ್ಕೆ ಎಷ್ಟು ಹೋಗುತ್ತಿದೆ ಎಂಬುದನ್ನು ತೋರಿಸುತ್ತದೆ. ಅದು ಗೊತ್ತಿಲ್ಲದೆ ಉಳಿಸಲು ಹೊರಟರೆ ಶ್ರಮವೆಲ್ಲ ಮೊಬೈಲ್ ಚಾರ್ಜರ್ ಕೀಳುವುದರಲ್ಲೇ ಮುಗಿಯುತ್ತದೆ, ನೀರು ಕಾಯಿಸಲು ಹೋಗುವ ಯೂನಿಟ್ಟುಗಳು ಹಾಗೇ ಹೋಗುತ್ತಿರುತ್ತವೆ.

ವ್ಯಾಟ್ ಮೀಟರ್

ಇದರ ಪರದೆಯಲ್ಲಿ ವೋಲ್ಟೇಜ್, ಆಂಪಿಯರ್, ವ್ಯಾಟ್, ಪವರ್ ಫ್ಯಾಕ್ಟರ್, ಕಿಲೋವ್ಯಾಟ್ ಅವರ್ ಎಂದು ಹಲವು ಅಂಕಿಗಳು ಬರುತ್ತವೆ. ಮನೆಬಳಕೆಗೆ ಬೇಕಾದದ್ದು ಎರಡೇ. ವ್ಯಾಟ್ ಎಂದರೆ ಈ ಕ್ಷಣದ ಎಳೆತ. ಕಿಲೋವ್ಯಾಟ್ ಅವರ್ ಎಂದರೆ ಇಲ್ಲಿಯವರೆಗೆ ಖರ್ಚಾದದ್ದು, ಅಂದರೆ ನಾವು ಯೂನಿಟ್ ಎನ್ನುವುದು. 1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ 1 ಯೂನಿಟ್. ಆಂಪಿಯರನ್ನು ವೋಲ್ಟೇಜಿನಿಂದ ಗುಣಿಸಿ ಲೆಕ್ಕ ಹಾಕಲು ಹೋಗಬೇಡಿ. ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಎಂಬುದೇ ಪವರ್ ಫ್ಯಾಕ್ಟರ್. ಅಗ್ಗದ ಎಲ್‌ಇಡಿ ಬಲ್ಬುಗಳ, ಸಣ್ಣ ಚಾರ್ಜರುಗಳ ಪವರ್ ಫ್ಯಾಕ್ಟರ್ 0.5ರ ಆಸುಪಾಸಿನಲ್ಲಿರುವುದು ಸಾಮಾನ್ಯ. ಹಾಗೆ ಗುಣಿಸಿದರೆ ನಿಜವಾದ ಖರ್ಚಿನ ದುಪ್ಪಟ್ಟು ಉತ್ತರ ಬರುತ್ತದೆ. ಪವರ್ ಫ್ಯಾಕ್ಟರ್ ತೋರಿಸದ, ಬರೀ ಆಂಪಿಯರ್ ತೋರಿಸುವ ಮೀಟರ್ ಈ ಕೆಲಸಕ್ಕೆ ಬೇಡವೇ ಬೇಡ.

ಕೊಳ್ಳುವಾಗ ನೋಡಬೇಕಾದ ಮೊದಲ ಅಂಶ ಅದು ತಾಳಬಲ್ಲ ಆಂಪಿಯರ್. 230 ವೋಲ್ಟಿನಲ್ಲಿ 2000 ವ್ಯಾಟಿನ ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 120 ವೋಲ್ಟಿನಲ್ಲಾದರೆ 1500 ವ್ಯಾಟಿಗೇ 12.5 ಆಂಪಿಯರ್ ಆಗುತ್ತದೆ. ಮೀಟರಿನ ಮೇಲೆ ಬರೆದಿರುವ ಮಿತಿ ಇದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಎರಡನೆಯದು, ಕರೆಂಟ್ ಹೋದಾಗ ಅದುವರೆಗೆ ಕೂಡಿದ ಯೂನಿಟ್ಟುಗಳ ಲೆಕ್ಕ ಉಳಿಯುತ್ತದೆಯೇ ಎಂಬುದು. ಕೆಲವು ಮೀಟರುಗಳು ಇದಕ್ಕಾಗಿ ಒಳಗೆ ಸಣ್ಣ ಗುಂಡಿ ಸೆಲ್ ಇಟ್ಟುಕೊಂಡಿರುತ್ತವೆ. ಆ ಸೆಲ್ ಸತ್ತರೆ ಮೂರು ದಿನದ ಫ್ರಿಜ್ ಲೆಕ್ಕ ಒಂದು ಕ್ಷಣದ ವ್ಯತ್ಯಯಕ್ಕೆ ಅಳಿಸಿಹೋಗುತ್ತದೆ. ಸೆಲ್ ಬೇಡದೆ ಚಿಪ್ಪಿನಲ್ಲೇ ನೆನಪಿಟ್ಟುಕೊಳ್ಳುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಮೂರನೆಯದು ಸಣ್ಣ ಎಳೆತವನ್ನು ಅಳೆಯುವ ಸಾಮರ್ಥ್ಯ, ಅಗ್ಗದ ಮೀಟರುಗಳು ಸೋಲುವುದು ಇಲ್ಲೇ. 100 ವ್ಯಾಟ್ ದಾಟಿದ ಮೇಲೆ ಬಹುತೇಕ ಎಲ್ಲವೂ ನಂಬುವಷ್ಟು ಸರಿಯಾಗಿ ತೋರಿಸುತ್ತವೆ. 2-3 ವ್ಯಾಟಿಗಿಂತ ಕೆಳಗೆ ಕೆಲವು ಸೊನ್ನೆ ತೋರಿಸಿ ಸುಮ್ಮನಾಗುತ್ತವೆ. ಇದಕ್ಕೊಂದು ಉಪಾಯವಿದೆ. 40 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಹಚ್ಚಿ, ಆ ಬೋರ್ಡನ್ನು ಮೀಟರಿಗೆ ಸಿಕ್ಕಿಸಿ ಓದಿಕೊಳ್ಳಿ. ನಂತರ ಅದೇ ಬೋರ್ಡಿಗೆ ಅಳೆಯಬೇಕಾದ ಚಾರ್ಜರನ್ನೋ ಟಿವಿ ಪೆಟ್ಟಿಗೆಯನ್ನೋ (ಸೆಟ್‌ಟಾಪ್ ಬಾಕ್ಸ್) ಸೇರಿಸಿ ಮತ್ತೆ ಓದಿ. ಎರಡರ ವ್ಯತ್ಯಾಸವೇ ಅದರ ಎಳೆತ. ವೋಲ್ಟೇಜ್ ಏರಿಳಿಯುತ್ತಿದ್ದರೆ ಬಲ್ಬಿನ ಎಳೆತವೂ ಬದಲಾಗುತ್ತದೆ, ಹಾಗಾಗಿ ಎರಡು ಓದುಗಳ ನಡುವೆ ಹೆಚ್ಚು ಹೊತ್ತು ಬಿಡಬಾರದು.

ಎಷ್ಟು ಹೊತ್ತು ಅಳೆಯಬೇಕು ಎಂಬಲ್ಲೇ ಹೆಚ್ಚಿನವರ ಲೆಕ್ಕ ತಪ್ಪುವುದು. ಫ್ಯಾನು, ಬಲ್ಬು, ರೂಟರ್ ಒಂದೇ ಸಮನೆ ಎಳೆಯುವುದರಿಂದ ಒಂದು ನಿಮಿಷ ಸಾಕು. ಬಟ್ಟೆ ಒಗೆಯುವ ಯಂತ್ರಕ್ಕೆ ಪೂರ್ತಿ ಒಂದು ಸುತ್ತು ಬೇಕು. ಫ್ರಿಜ್ಜಿಗೆ ಮಾತ್ರ ಮೂರು ಪೂರ್ಣ ದಿನ ಕೊಡಿ. ಕಂಪ್ರೆಸರ್ ಓಡುವುದು, ನಿಲ್ಲುವುದು, ಮಂಜು ಕರಗಿಸುವ ಹೀಟರ್ ಆಗಾಗ ಹತ್ತಿಕೊಳ್ಳುವುದು, ಬಾಗಿಲು ತೆರೆಯುವುದು ಎಲ್ಲ ಸೇರಿದರೇ ನಿಜವಾದ ಸರಾಸರಿ. ಬಂದ ಯೂನಿಟ್ಟನ್ನು ಗಂಟೆಗಳಿಂದ ಭಾಗಿಸಿ 8760ರಿಂದ ಗುಣಿಸಿದರೆ ವರ್ಷದ ಖರ್ಚು. ಸದಾ ಹೊತ್ತಿರುವ ಉಪಕರಣಗಳಿಗೆ ಇನ್ನೂ ಸುಲಭದ ಲೆಕ್ಕವಿದೆ: 1 ವ್ಯಾಟ್ ವರ್ಷಪೂರ್ತಿ ಎಳೆದರೆ 8.76 ಯೂನಿಟ್.

ಗೋಡೆಗೆ ನೇರವಾಗಿ ಜೋಡಿಸಿದ ಗೀಸರ್, ಏಸಿ ಇವುಗಳನ್ನು ಈ ಮೀಟರಿನಿಂದ ಅಳೆಯಲಾಗದು. ಆಗ ಮನೆಯ ಮುಖ್ಯ ಮೀಟರನ್ನೇ ಬಳಸಬಹುದು. ಡಿಜಿಟಲ್ ಮೀಟರುಗಳಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದನ್ನು ಮುಖದ ಮೇಲೆ ಅಚ್ಚು ಹಾಕಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳಿ. ಒಂದು ಯೂನಿಟ್ ಎಂದರೆ 1000 ವ್ಯಾಟ್ 3600 ಸೆಕೆಂಡು, ಗುಣಿಸಿದರೆ 36,00,000. ಅದನ್ನು 3200ರಿಂದ ಭಾಗಿಸಿದರೆ 1125. ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಈ 1125ನ್ನು ಭಾಗಿಸಿದರೆ ಆ ಕ್ಷಣದ ವ್ಯಾಟ್. 10 ಸೆಕೆಂಡಿಗೊಂದು ಮಿನುಗಾದರೆ ಮನೆ 112 ವ್ಯಾಟ್ ಎಳೆಯುತ್ತಿದೆ. ಬೇರೆಲ್ಲ ಆರಿಸಿ ಒಂದೊಂದೇ ಉಪಕರಣ ಹಾಕುತ್ತಾ ಹೋದರೆ ಪ್ರತಿಯೊಂದರ ಪಾಲು ಸಿಗುತ್ತದೆ. ಎಲ್ಲವನ್ನೂ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಎಲ್ಲೋ ಏನೋ ಮರೆತಿದೆ ಎಂದರ್ಥ, ಹುಡುಕಲೇಬೇಕು.

ಹೆಚ್ಚು ಎಳೆಯುವ ಉಪಕರಣವನ್ನು ಅಳೆಯುವಾಗ ಮೀಟರನ್ನು ನೇರ ಗೋಡೆಯ ಸಾಕೆಟ್ಟಿಗೇ ಹಾಕಿ. ಅರ್ಧ ಗಂಟೆಯ ನಂತರ ಹೀಟರ್ ಆರಿಸಿ ಮೀಟರಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ಒಳಗಿನ ಹಿತ್ತಾಳೆ ಹಿಡಿಗಳು ಸಡಿಲಾಗಿವೆ. ಅಂಥದನ್ನು ಮತ್ತೆ ಬಳಸಬಾರದು. ಮೊಬೈಲಿನಲ್ಲಿ ಲೆಕ್ಕ ತೋರಿಸುವ ವೈಫೈ ಪ್ಲಗ್ಗುಗಳೂ ಇದೇ ಕೆಲಸ ಮಾಡುತ್ತವೆ, ಆದರೆ ತಾವೇ ಸುಮಾರು 1 ವ್ಯಾಟ್ ಸದಾ ಎಳೆಯುತ್ತವೆ. ಅಳೆದು ಮುಗಿದ ಮೇಲೆ ತೆಗೆದಿಡುವುದಾದರೆ ಸರಿ. ಮನೆ ತುಂಬ ಹತ್ತು ಪ್ಲಗ್ ಹಾಕಿ ಬಿಟ್ಟರೆ ವರ್ಷಕ್ಕೆ 87 ಯೂನಿಟ್ ಬರೀ ಅಳೆಯುವುದಕ್ಕೇ ಹೋಗುತ್ತದೆ.

ಇಲ್ಲೇ ಹೇಳಿಬಿಡಬೇಕಾದ ಇನ್ನೊಂದು ಸಾಮಾನು ಪವರ್ ಸೇವರ್ ಎಂಬ ಹೆಸರಿನಲ್ಲಿ ಬರುವ ಪೆಟ್ಟಿಗೆ. ಸಾಕೆಟ್ಟಿಗೆ ಹಾಕಿದರೆ ಸಾಕು, ಬಿಲ್ ಇಳಿಯುತ್ತದೆ ಎನ್ನುತ್ತಾರೆ. ಬಿಚ್ಚಿ ನೋಡಿದರೆ ಒಂದು ಕೆಪಾಸಿಟರ್, ಒಂದು ಹಸಿರು ದೀಪ, ಹೆಚ್ಚೆಂದರೆ ಒಂದು ಫ್ಯೂಸ್. ಕೆಪಾಸಿಟರ್ ಪವರ್ ಫ್ಯಾಕ್ಟರನ್ನು ಕೊಂಚ ಸುಧಾರಿಸಬಹುದು, ಆದರೆ ಮನೆಗಳಿಗೆ ಬಿಲ್ ಬರುವುದು ಸಾಮಾನ್ಯವಾಗಿ ನಿಜವಾದ ಯೂನಿಟ್ಟುಗಳ ಮೇಲೆ, ಅವು ಇದರಿಂದ ಬದಲಾಗುವುದಿಲ್ಲ. ವ್ಯಾಟ್ ಮೀಟರಿನ ಮುಂದಿನ ಬೋರ್ಡಿಗೆ ಒಂದು ಫ್ಯಾನು, ಜೊತೆಗೆ ಈ ಪೆಟ್ಟಿಗೆ ಹಾಕಿ ನೋಡಿ: ಆಂಪಿಯರ್ ಅಂಕಿ ಸರಿದಾಡಬಹುದು, ವ್ಯಾಟ್ ಅಂಕಿ ಇಳಿಯುವುದಿಲ್ಲ. ಇದು ಮಾರಾಟವಾಗುತ್ತಲೇ ಇರುವುದು ಬೇಸರದ ಸಂಗತಿ. ದುಡ್ಡು ಹಾಕಬೇಡಿ.

ಸ್ವಿಚ್ ಇರುವ ಬೋರ್ಡು

ಟಿವಿ, ಅದರ ಪೆಟ್ಟಿಗೆ, ಸ್ಪೀಕರ್ ಇವನ್ನೆಲ್ಲ ಒಂದೇ ಸ್ವಿಚ್ಚಿನಲ್ಲಿ ಕಡಿಯುವ ಎಕ್ಸ್‌ಟೆನ್ಶನ್ ಬೋರ್ಡು ಒಳ್ಳೆಯ ಸಾಮಾನು. ಲಾಭ ಎಷ್ಟೆಂಬುದು ಅದಕ್ಕೆ ಏನು ಸಿಕ್ಕಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ಈಚಿನ ಟಿವಿಗಳು ರಿಮೋಟಿನಲ್ಲಿ ಆರಿಸಿ ಮಲಗಿದ್ದಾಗ (ಸ್ಟ್ಯಾಂಡ್‌ಬೈ) ಅರ್ಧ ವ್ಯಾಟಿನಷ್ಟೇ ಎಳೆಯುತ್ತವೆ. ಖಾಲಿ ಸಿಕ್ಕಿಸಿಟ್ಟ ಮೊಬೈಲ್ ಚಾರ್ಜರಿನದು ಅದಕ್ಕಿಂತಲೂ ಕಡಿಮೆ. ಟಿವಿ ಪೆಟ್ಟಿಗೆಗಳು ಹಾಗಲ್ಲ. ರಿಮೋಟಿನಲ್ಲಿ ಆರಿಸಿದರೂ 10 ವ್ಯಾಟಿನ ಆಸುಪಾಸು ಎಳೆಯುತ್ತಲೇ ಇರುವ ಪೆಟ್ಟಿಗೆಗಳಿವೆ. ಅಂಥದು ವರ್ಷಕ್ಕೆ 87 ಯೂನಿಟ್ಟಿಗೂ ಹೆಚ್ಚು ತಿನ್ನುತ್ತದೆ. ಮೊದಲು ಅಳೆದು, ದೊಡ್ಡದನ್ನು ಮಾತ್ರ ಬೋರ್ಡಿಗೆ ಹಾಕಿ.

ಎರಡು ಉಪಕರಣಗಳನ್ನು ಹೀಗೆ ಕಡಿಯಬಾರದು. ಓಎಲ್‌ಇಡಿ ಟಿವಿಗಳು ಆರಿಸಿದ ನಂತರ ಮಲಗಿದ ಸ್ಥಿತಿಯಲ್ಲೇ ತಮ್ಮ ಪರದೆಯನ್ನು ಸರಿಪಡಿಸಿಕೊಳ್ಳುತ್ತವೆ. ಪ್ರತಿ ಸಲ ಸ್ವಿಚ್ ಕಡಿದರೆ ಆ ಕೆಲಸ ನಡೆಯದೆ ಪರದೆಯಲ್ಲಿ ಕಲೆ ಉಳಿಯುವ ಅಪಾಯ ಹೆಚ್ಚುತ್ತದೆ. ಇಂಕ್‌ಜೆಟ್ ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸಿ ಹಚ್ಚಿದರೆ ಹಲವು ಮಾದರಿಗಳು ಪ್ರತಿ ಬಾರಿಯೂ ಮೂತಿ ತೊಳೆದುಕೊಳ್ಳಲು ಶಾಯಿ ಖರ್ಚು ಮಾಡುತ್ತವೆ. ಅಲ್ಲದೆ ಮೂತಿಯನ್ನು ಮುಚ್ಚಳದ ಕೆಳಗೆ ಸರಿಸಿ ನಿಲ್ಲಿಸುವ ಮೊದಲೇ ಕರೆಂಟ್ ಹೋದರೆ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಅದನ್ನು ಅದರದೇ ಗುಂಡಿಯಿಂದ ಆರಿಸಿ ಬಿಟ್ಟುಬಿಡಿ.

ನೀರು, ಅದರಲ್ಲೂ ಬಿಸಿನೀರು

ಒಂದು ಲೀಟರ್ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು 4.186 ಕಿಲೋಜೌಲ್ ಬೇಕೇ ಬೇಕು. ಎಂಥ ಹೊಸ ಗೀಸರ್ ಬಂದರೂ ಒಳಗಿರುವುದು ಸಾಮಾನ್ಯ ಕಾಯಿಲ್ ಆಗಿದ್ದರೆ ಈ ಲೆಕ್ಕ ಬದಲಾಗದು. 15 ಲೀಟರನ್ನು 25ರಿಂದ 55 ಡಿಗ್ರಿಗೆ ತರಲು 0.52 ಯೂನಿಟ್ ಆಯಿತು. 9 ವ್ಯಾಟಿನ ಬಲ್ಬನ್ನು ಇಷ್ಟರಲ್ಲಿ 58 ಗಂಟೆ ಉರಿಸಬಹುದು. ಅದಕ್ಕೇ ಬಿಸಿನೀರಿನ ಕಡೆ ಉಳಿಸುವ ಸಾಮಾನು ಮುಖ್ಯ ಎನ್ನುವುದು. ಬಟ್ಟೆ ಒಗೆಯುವ ಯಂತ್ರದಲ್ಲೂ ಇದೇ ಕತೆ: 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು 0.7 ಯೂನಿಟ್, 30 ಡಿಗ್ರಿಗಾದರೆ 0.17. ನಿತ್ಯದ ಬಟ್ಟೆಗೆ ತಣ್ಣೀರು ಅಥವಾ 30 ಡಿಗ್ರಿ ಸಾಕು. ಹಾಸಿಗೆ ಹಿಡಿದವರ ಬಟ್ಟೆ, ಮಗುವಿನ ಬಟ್ಟೆಯ ಕೊಳೆ ಇದ್ದಾಗ 60 ಇಡಿ.

ನಲ್ಲಿಯ ಮೂತಿಗೆ ತಿರುಗಿಸಿ ಹಾಕುವ ಏರೇಟರ್ ನೀರಿಗೆ ಗಾಳಿ ಬೆರೆಸಿ ಹರಿವನ್ನು ಕಡಿಮೆ ಮಾಡುತ್ತದೆ. ಕೊಳ್ಳುವ ಮೊದಲು ಎರಡು ಕೆಲಸ ಮಾಡಿ. 10 ಲೀಟರ್ ಬಕೆಟ್ಟನ್ನು ಪೂರ್ತಿ ತಿರುಗಿಸಿದ ನಲ್ಲಿಯ ಕೆಳಗಿಟ್ಟು ತುಂಬಲು ಎಷ್ಟು ಸೆಕೆಂಡು ಎಂದು ನೋಡಿ. 600ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಸಿಗುತ್ತದೆ. 50 ಸೆಕೆಂಡು ಹಿಡಿದರೆ ನಿಮಿಷಕ್ಕೆ 12 ಲೀಟರ್, ಅಲ್ಲಿ 6 ಲೀಟರಿನ ಏರೇಟರ್ ಹಾಕಿದರೆ ಅರ್ಧಕ್ಕರ್ಧ ಉಳಿತಾಯ. 100 ಸೆಕೆಂಡು ಹಿಡಿದರೆ ಈಗಾಗಲೇ 6 ಲೀಟರ್, ಕೊಳ್ಳುವ ಅಗತ್ಯವೇ ಇಲ್ಲ. ಇನ್ನು ಮರೆ, ಅಂದರೆ ತಿರುಗಿಸಿ ಕೂರಿಸುವ ತಿರುಪಿನ ಗೆರೆ, ನೋಡಿ: ನಲ್ಲಿಯ ಮೂತಿಯ ಒಳಗೆ ಮರೆ ಇದ್ದರೆ ಸಾಮಾನ್ಯವಾಗಿ ಎಂ24ರ ಹೊರಮರೆಯ ಏರೇಟರ್, ಹೊರಗೆ ಮರೆ ಇದ್ದರೆ ಎಂ22ರ ಒಳಮರೆಯದು. ಮರೆಯೇ ಇಲ್ಲದ ಹಳೆಯ ನಲ್ಲಿಗೆ ರಬ್ಬರ್ ತೋಳಿನ ಮಾದರಿ ಸಿಗುತ್ತದೆ, ಆದರೆ ಒತ್ತಡ ಜೋರಿದ್ದರೆ ಕಳಚಿ ಬೀಳುತ್ತದೆ.

ಪೊಟ್ಟಣದ ಮೇಲೆ ಬರೆದ ಲೀಟರ್ ಅಂಕಿ ಸಾಮಾನ್ಯವಾಗಿ 3 ಬಾರ್ ಒತ್ತಡದ್ದು. ನೀರು ಮೇಲಿನ ಟ್ಯಾಂಕಿನಿಂದ ಬರುವ ಮನೆಯಲ್ಲಿ ಲೆಕ್ಕ ಬೇರೆ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್; ಟ್ಯಾಂಕು ನಲ್ಲಿಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಅಷ್ಟೇ. ಅಲ್ಲಿ ಈ ಏರೇಟರ್ ಹಾಕಿದರೆ ನೂಲಿನಂತೆ ಬರುತ್ತದೆ, ಕೈ ತೊಳೆಯುವುದಕ್ಕೂ ಸಾಲದು. ಎರಡನೆಯ ತೊಡಕು ಟ್ಯಾಂಕಿಲ್ಲದ ಹೀಟರುಗಳದ್ದು: ನೀರಿನ ಹರಿವು ಇಂತಿಷ್ಟು ಇದ್ದರೆ ಮಾತ್ರ ಅವು ಹತ್ತಿಕೊಳ್ಳುತ್ತವೆ. ಹರಿವು ಅದಕ್ಕಿಂತ ಇಳಿದರೆ ಬಿಸಿನೀರೇ ಬರುವುದಿಲ್ಲ, ಅಥವಾ ಬಿಸಿ ತಣ್ಣಗೆ ಎಂದು ಬದಲಾಗುತ್ತಾ ಇರುತ್ತದೆ. ಬಕೆಟ್ ತುಂಬುವ ನಲ್ಲಿಗೆ ಏರೇಟರ್ ಹಾಕಿ ಪ್ರಯೋಜನವಿಲ್ಲ. ಬಕೆಟ್ ಅಷ್ಟೇ ದೊಡ್ಡದು, ತುಂಬುವ ಹೊತ್ತು ಮಾತ್ರ ಹೆಚ್ಚುತ್ತದೆ. ಕೈ ತೊಳೆಯುವ, ಪಾತ್ರೆ ಜಾಲಾಡಿಸುವ ನಲ್ಲಿಗೆ ಹಾಕಿ.

ಗಡಸು ನೀರಿರುವ ಕಡೆ ಜಾಲರಿಯಲ್ಲಿ ಬಿಳಿ ಸುಣ್ಣ ಕಟ್ಟಿ ನೀರು ಅಡ್ಡಡ್ಡ ಚಿಮ್ಮತೊಡಗುತ್ತದೆ. ಬಿಚ್ಚಿ ಒಂದು ಗಂಟೆ ವಿನಿಗರ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ರಬ್ಬರ್ ವಾಷರನ್ನು ಮರೆಯದೆ ಅದೇ ಕ್ರಮದಲ್ಲಿ ಕೂರಿಸಿ. ಇಕ್ಕಳ ಬಳಸುವುದಾದರೆ ನಡುವೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಕ್ರೋಮ್ ಗೀರುಬೀಳುತ್ತದೆ.

ಫ್ರಿಜ್ಜಿನ ಬಾಗಿಲ ರಬ್ಬರು

ಹಳೆಯ ಫ್ರಿಜ್ ಹೆಚ್ಚು ತಿನ್ನುತ್ತಿದೆ ಎಂದು ಮೀಟರ್ ತೋರಿಸಿದ ತಕ್ಷಣ ಹೊಸದು ತರಲು ಓಡಬೇಡಿ. ಬಾಗಿಲ ರಬ್ಬರಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಹಿಡಿದು ಬಂದರೆ ಸರಿ, ಸರಕ್ಕನೆ ಬಂದರೆ ಆ ಜಾಗದಲ್ಲಿ ತಂಪು ಸೋರುತ್ತಿದೆ. ನಾಲ್ಕೂ ಅಂಚಿನಲ್ಲಿ ಹೀಗೆ ನೋಡಿ. ಹಿಂಜಿನ ಬದಿ ಹೆಚ್ಚಾಗಿ ಮೊದಲು ಹಾಳಾಗುತ್ತದೆ. ಕೊಳೆ ಕೂತಿದ್ದರೆ ಬೆಚ್ಚನೆಯ ಸೋಪು ನೀರಿನಲ್ಲಿ ಒರೆಸಿದರೇ ಸರಿಹೋಗುವುದುಂಟು. ಮಡಿಕೆ ಬಿದ್ದಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದು ನೆಟ್ಟಗೆ ಮಾಡಬಹುದು. ಹರಿದಿದ್ದರೆ ಮಾದರಿ ಸಂಖ್ಯೆ ಹೇಳಿ ಹೊಸ ರಬ್ಬರ್ ತರಿಸಿ. ಎಲ್ಲ ಫ್ರಿಜ್ಜಿಗೂ ಆಗುತ್ತದೆ ಎಂದು ಮಾರುವ ರಬ್ಬರುಗಳ ಮೂಲೆಗಳು ಸರಿಯಾಗಿ ಕೂರುವುದಿಲ್ಲ, ಅವನ್ನು ಶಿಫಾರಸು ಮಾಡಲಾರೆ. ಒಳಗೆ 4 ಡಿಗ್ರಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿ ಸಾಕು. ಹಿಂದಿನ ಕಾಯಿಲ್ ಮೇಲಿನ ದೂಳು ತೆಗೆದು, ಗೋಡೆಯಿಂದ ನಾಲ್ಕೈದು ಸೆಂಟಿಮೀಟರ್ ದೂರವಿಡಿ.

ಬಲ್ಬಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವ್ಯಾಟ್ ನೋಡದೆ ಲ್ಯೂಮೆನ್ ನೋಡಿ ಕೊಳ್ಳಿ: ಹಳೆಯ 60 ವ್ಯಾಟಿನ ಬಲ್ಬಿನ ಬೆಳಕು ಸುಮಾರು 800 ಲ್ಯೂಮೆನ್, 100 ವ್ಯಾಟಿನದು ಸುಮಾರು 1600. ಎಲ್‌ಇಡಿ ಬಲ್ಬುಗಳು ಬೇಗ ಸಾಯುವುದಕ್ಕೆ ದೊಡ್ಡ ಕಾರಣ ಬಿಸಿ; ಪೂರ್ತಿ ಮುಚ್ಚಿದ ಗಾಜಿನ ಗುಮ್ಮಟದೊಳಗೆ ಹಾಕಿದರೆ ಒಳಗಿನ ಕೆಪಾಸಿಟರ್ ಒಣಗಿ ಮಿಣಮಿಣ ಎನ್ನಲು ಶುರುವಾಗುತ್ತದೆ. ಅಂಥ ಕಡೆ ಕಡಿಮೆ ವ್ಯಾಟಿನ ಬಲ್ಬು ಹಾಕಿ.

ರೀಚಾರ್ಜ್ ಸೆಲ್ಲುಗಳು ಕಸ ಕಡಿಮೆ ಮಾಡುವುದು ನಿಜ, ಎಲ್ಲ ಕಡೆಗೂ ಅಲ್ಲ. ಆಟಿಕೆ, ಟಾರ್ಚು, ಗೇಮ್ ಕಂಟ್ರೋಲರ್ ಹೀಗೆ ತಿಂಗಳಿಗೊಮ್ಮೆ ಸೆಲ್ ಬದಲಿಸುವಲ್ಲಿ ಎಎ ಗಾತ್ರದ, ಬಳಸದೆ ಇಟ್ಟರೂ ಚಾರ್ಜ್ ಬೇಗ ಇಳಿಯದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಬಹಳ ಒಳ್ಳೆಯವು. ಗೋಡೆ ಗಡಿಯಾರ, ರಿಮೋಟುಗಳಲ್ಲಿ ಸಾಮಾನ್ಯ ಸೆಲ್ಲೇ ವರ್ಷಗಟ್ಟಲೆ ಬರುತ್ತದೆ, ಅಲ್ಲಿ ಬೇಡ. ಚಾರ್ಜರ್ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿ ತುಂಬಿದಾಗ ನಿಲ್ಲಿಸುವಂಥದ್ದಾಗಿರಬೇಕು. ಜೋಡಿಯಾಗಿ ಮಾತ್ರ ತುಂಬುವ, ಗಂಟೆ ಲೆಕ್ಕದಲ್ಲಿ ನಿಲ್ಲುವ ಅಗ್ಗದ ಚಾರ್ಜರ್ ಒಳ್ಳೆಯ ಸೆಲ್ಲನ್ನೂ ಅತಿಯಾಗಿ ಕಾಯಿಸಿ ಕೊಲ್ಲುತ್ತದೆ.

ಮೂರು ಅಂತಸ್ತಿನ ಗೊಬ್ಬರದ ಡಬ್ಬಿ

ಕಸದ ವಿಷಯಕ್ಕೆ ಬಂದರೆ ಇದೇ ನನ್ನ ಮೊದಲ ಆಯ್ಕೆ. ಅಡುಗೆಮನೆಯ ಹಸಿ ಕಸ ಬೇರೆಯಾದರೆ ಒಣ ಕಸ ಕೊಳೆಯಾಗದೆ ಉಳಿದು ಮರುಬಳಕೆಗೆ ಸಿಗುತ್ತದೆ. ಹಸಿ ಕಸ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುವುದೂ ತಪ್ಪುತ್ತದೆ. ಡಬ್ಬಿ ಕೊಳ್ಳುವಾಗ ಪಕ್ಕಗಳಲ್ಲಿ ಸುತ್ತಲೂ ತೂತುಗಳಿವೆಯೇ, ತಳ ಜಾಲರಿಯಂತಿದೆಯೇ, ಕೆಳಗಿನ ಅಂತಸ್ತಿನಲ್ಲಿ ನೀರು ಹೊರಬಿಡುವ ದಾರಿ ಇದೆಯೇ ನೋಡಿ. ಮುಚ್ಚಳದಲ್ಲಿ ಮಾತ್ರ ನಾಲ್ಕು ತೂತಿರುವ ಡಬ್ಬಿಗಳು ನೋಡಲು ಚೆಂದ, ಒಳಗೆ ಗಾಳಿ ಆಡುವುದಿಲ್ಲ. ದೊಡ್ಡ ತೂತುಗಳ ಒಳಬದಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದರೆ ಹಣ್ಣಿನ ನೊಣ ಬರುವುದು ಕಡಿಮೆಯಾಗುತ್ತದೆ.

ಬಳಸುವ ಕ್ರಮ ಹೀಗೆ. ಮೇಲಿನ ಅಂತಸ್ತಿನ ತಳಕ್ಕೆ 5 ಸೆಂಟಿಮೀಟರ್ ಒಣ ಎಲೆ ಅಥವಾ ಹರಿದ ರಟ್ಟು ಹಾಸಿ, ಅದರ ಮೇಲೆ ಒಂದೆರಡು ಹಿಡಿ ಹಳೆಯ ಗೊಬ್ಬರ ಉದುರಿಸಿ. ಹಸಿ ಕಸವನ್ನು ಎರಡು-ಮೂರು ಸೆಂಟಿಮೀಟರಿನ ತುಂಡುಗಳಾಗಿ ಹೆಚ್ಚಿ, ನೀರು ಬಸಿದು ಹಾಕಿ. ಒಂದು ಬಟ್ಟಲು ಹಸಿ ಕಸಕ್ಕೆ ಒಂದೂವರೆಯಿಂದ ಎರಡು ಬಟ್ಟಲು ಒಣ ಎಲೆ ಅಥವಾ ಮರದ ಹೊಟ್ಟು. ಮೊದಲ ಬಾರಿಗೆ ಮಾಡುವವರಿಗೆ ಇದು ತೀರಾ ಹೆಚ್ಚು ಅನ್ನಿಸುತ್ತದೆ, ಆದರೆ ಬಹುತೇಕ ಡಬ್ಬಿಗಳು ಕೆಡುವುದು ಒಣದು ಕಡಿಮೆಯಾಗಿಯೇ. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25-30 ಪಾಲು ಇಂಗಾಲ ಬೇಕು, ಅದು ಬರುವುದು ಒಣ ಎಲೆಯಿಂದ. ಎರಡು ದಿನಕ್ಕೊಮ್ಮೆ ಕೈಗೋಲಿನಿಂದ ತಳದವರೆಗೆ ಮಗುಚಿ, ಕೊನೆಗೆ ಹಸಿ ಕಸ ಕಾಣದಂತೆ ಒಣದನ್ನು ಮುಚ್ಚಿ.

ತೇವ ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಜಿನುಗಿದರೆ ಸರಿ. ನೀರು ಸುರಿದರೆ ಒಣದು ಸೇರಿಸಿ, ಉಂಡೆ ಕಟ್ಟದೆ ಉದುರಿದರೆ ನೀರು ಚಿಮುಕಿಸಿ. ಮೂಗಿಗೆ ಚುರುಕು ಹೊಡೆಯುವ ಅಮೋನಿಯಾ ವಾಸನೆ ಬಂದರೆ ಹಸಿ ಹೆಚ್ಚಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಯಿಲ್ಲ: ಪೂರ್ತಿ ಹೊರಗೆ ಸುರಿದು, ರಟ್ಟಿನ ಚೂರು ಬೆರೆಸಿ ಮತ್ತೆ ತುಂಬಿ. ದಪ್ಪ ಬೂದು ಬಣ್ಣದ ಹುಳುಗಳನ್ನು ಕಂಡು ಎಲ್ಲವನ್ನೂ ಎಸೆಯುವವರಿದ್ದಾರೆ. ಅವು ಹೆಚ್ಚಾಗಿ ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ತಿಂದು ಮುಗಿಸುತ್ತವೆ, ತೊಂದರೆಯಿಲ್ಲ. ಎಣ್ಣೆ, ಮಾಂಸ, ಮೂಳೆ, ಹಾಲಿನ ಪದಾರ್ಥಗಳನ್ನು ಇಷ್ಟು ಸಣ್ಣ ಡಬ್ಬಿಗೆ ಹಾಕಬೇಡಿ. ಇಷ್ಟು ಕಡಿಮೆ ರಾಶಿಯಲ್ಲಿ ರೋಗಾಣು ಸಾಯುವಷ್ಟು ಬಿಸಿ ಏಳುವುದಿಲ್ಲ, ಇಲಿ ಬರುತ್ತದೆ.

ಕೆಲವೇ ಗಂಟೆಗಳಲ್ಲಿ ಗೊಬ್ಬರ ಎಂದು ಮಾರುವ ವಿದ್ಯುತ್ ಯಂತ್ರಗಳು ಮಾಡುವುದು ಕಸವನ್ನು ಕಾಯಿಸಿ ಒಣಗಿಸಿ ಪುಡಿ ಮಾಡುವುದಷ್ಟೇ. ಗಾತ್ರ ಕಡಿಮೆಯಾಗುತ್ತದೆ, ವಾಸನೆ ಇರುವುದಿಲ್ಲ, ಅಷ್ಟರ ಮಟ್ಟಿಗೆ ಅನುಕೂಲ. ಆದರೆ ಆ ಪುಡಿ ಇನ್ನೂ ಕೊಳೆತಿಲ್ಲ. ಕುಂಡಕ್ಕೆ ನೇರ ಹಾಕಿ ನೀರು ಹೊಯ್ದರೆ ಬೂಷ್ಟು ಹಿಡಿದು ಬೇರಿಗೆ ತೊಂದರೆ ಮಾಡುತ್ತದೆ. ನೀರನ್ನು ಆವಿ ಮಾಡುವ ಖರ್ಚು ಬಿಸಿನೀರಿನ ಖರ್ಚಿಗಿಂತಲೂ ದೊಡ್ಡದು, ಒಂದು ಕಿಲೋ ನೀರಿಗೆ 0.6 ಯೂನಿಟ್ಟಿಗೂ ಮೇಲೆ. ಒಣ ಎಲೆ ಸಿಗುವ ಮನೆಗೆ ಇದು ಬೇಡ.

ಮೇಲಿನ ಅಂತಸ್ತು ತುಂಬಿದಾಗ ಅದನ್ನು ಕೆಳಕ್ಕೆ ಇಳಿಸಿ ಖಾಲಿಯದನ್ನು ಮೇಲಕ್ಕೆ ಹಾಕಿ. ಎರಡರಿಂದ ಮೂರು ತಿಂಗಳಲ್ಲಿ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ. ಆಗಿದೆಯೇ ಎಂಬ ಅನುಮಾನವಿದ್ದರೆ ಒಂದು ಹಿಡಿಯನ್ನು ಒದ್ದೆ ಮಾಡಿ ಗಾಳಿಯಾಡದ ಚೀಲದಲ್ಲಿ ಮೂರು ದಿನ ಕಟ್ಟಿಡಿ. ತೆರೆದಾಗ ಹುಳಿ ವಾಸನೆ ಬಂದರೆ ಇನ್ನೂ ಎರಡು ವಾರ ಬಿಡಬೇಕು. ಜರಡಿ ಹಿಡಿದು, ಸಣ್ಣದನ್ನು ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿ. ಜರಡಿಯಲ್ಲಿ ಉಳಿದ ಕಡ್ಡಿ, ದಪ್ಪ ಚೂರುಗಳನ್ನು ಎಸೆಯದೆ ಮುಂದಿನ ಅಂತಸ್ತಿನ ತಳಕ್ಕೆ ಹಾಸಿ, ಹಳೆಯ ಗೊಬ್ಬರ ಬೇರೆ ಉದುರಿಸುವ ಅಗತ್ಯವಿರುವುದಿಲ್ಲ.